ಜಾರುವ ಏಟು

ಸೆಪ್ಟೆಂಬರ್ 2, ಮಂಗಳವಾರ

ಇವತ್ತು ಊಟದ ಹಾಲಿನ ದೊಡ್ಡ ಮೇಜುಹೊದಿಕೆ ಸುಟ್ಟೆ. ಸುಟ್ಟಿದ್ದಾದರೂ ಎಲ್ಲಿ, ನಟ್ಟನಡುವೆ. ಹೂದಾನಿ ಇಟ್ಟು ಮುಚ್ಚೋಣವೆಂದರೆ ಅಷ್ಟು ದೊಡ್ಡ ಹೂದಾನಿ ನಮ್ಮ ಹೋಟೆಲಿನಲ್ಲಿಲ್ಲ. ಮ್ಯಾನೇಜರು ವಾಸನೆ ಹಿಡಿದು ಬಟ್ಟೆಕೋಣೆಗೇ ಬಂದರು. "ಇಸ್ತ್ರಿಪೆಟ್ಟಿಗೆ ತಲೆ ಕೆಟ್ಟಿದೆ ಸರ್, ಹೇಳದೆ ಕೇಳದೆ ಕಾದುಬಿಡುತ್ತೆ" ಎಂದೆ. ಪೆಟ್ಟಿಗೆಗೆ ಬಾಯಿಲ್ಲವಲ್ಲ, ಮಾತು ಅಲ್ಲಿಗೆ ಮುಗಿಯಿತು. ನಿಜವಾಗಿ ನಾನು ನಿಂತಲ್ಲೇ ತೂಕಡಿಸಿದ್ದೆ. ಇಲ್ಲಿ ಬರೆದುಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ.

ಒಂದು ಸಮಾಚಾರ. ಮುಂದಿನ ವಾರ ಹೋಟೆಲಿಗೆ ಬಣ್ಣ ಬಳಿಯುತ್ತಾರಂತೆ, ಇಡೀ ವಾರ ಮುಚ್ಚಿರುತ್ತದಂತೆ. ನನಗೂ ರಜೆ, ಹೋಟೆಲಿನ ವ್ಯಾನು ಓಡಿಸುವ ಇವರಿಗೂ ರಜೆ. ಇಬ್ಬರಿಗೂ ಒಟ್ಟಿಗೆ ರಜೆ ಬಂದದ್ದು ಮದುವೆಯಾದ ಮೇಲೆ ನೆನಪಿಲ್ಲ. ಲೋಕದ ಶಾಲೆಗಳಿಗೆಲ್ಲ ರಜೆ ಬಿಟ್ಟಾಗ ಜನ ಮಕ್ಕಳುಮರಿ ಕಟ್ಟಿಕೊಂಡು ಬೆಟ್ಟದ ಮೇಲಿನ ಈ ಊರಿಗೆ ತಂಪು ಹುಡುಕಿ ಬರುತ್ತಾರೆ. ಇವರು ಅವರನ್ನು ಕರೆತರುತ್ತಾರೆ, ನಾನು ಅವರ ಶೀಟು ಬದಲಾಯಿಸುತ್ತೇನೆ, ನಮ್ಮ ಮಗಳು ಬಟ್ಟೆಕೋಣೆಯಲ್ಲಿ ಟವೆಲಿನ ಗುಡ್ಡೆ ಮೇಲೆ ಕೂತು ತನ್ನ ರಜೆ ಕಳೆಯುತ್ತಾಳೆ. ಅವಳ ರಜೆಗೂ ನಮ್ಮ ರಜೆಗೂ ಇದುವರೆಗೆ ಮುಖಪರಿಚಯವೇ ಆಗಿಲ್ಲ.

ಮಗಳನ್ನು ಇವರು ಮೊಳೆ ಎಂದು ಕರೆಯುತ್ತಾರೆ. ಸಣಕಲಿ, ಆದರೆ ಒಂದು ಕಡೆ ನಾಟಿಕೊಂಡರೆ ಕೀಳಲು ಬರುವುದಿಲ್ಲ. ಈ ವರ್ಷ ಐದನೆಯ ತರಗತಿಗೆ ಬಂದ ಮೇಲೆ ಅವಳಿಗೆ ಶಾಲೆಯ ಗಂಟೆ ಹೊಡೆಯುವ ಕೆಲಸ ಸಿಕ್ಕಿದೆ. ತಪ್ಪದೆ ಶಾಲೆಗೆ ಬರುವ ಒಬ್ಬರಿಗೆ ಮಾತ್ರ ಅದು ಸಿಗುವುದು. ಶಾಲೆ ಹೋಟೆಲಿನ ಹಿಂದಿನ ಏರಿನಲ್ಲೇ ಇರುವುದರಿಂದ ಬಟ್ಟೆಕೋಣೆಯ ಕಿಟಕಿ ತೆಗೆದಿಟ್ಟರೆ ನನಗೂ ಕೇಳಿಸುತ್ತದೆ. ಚೆನ್ನಾಗಿಯೇ ಹೊಡೆಯುತ್ತಾಳೆ, ಒಂದೇ ಸಮ. ಮಧ್ಯಾಹ್ನ ಊಟದ ಗಂಟೆಯಲ್ಲಿ ಮಾತ್ರ ಒಂದು ದೋಷ. ಎಲ್ಲ ಮುಗಿದ ಮೇಲೆ, ಕೊಂಚ ತಡೆದು, ಒಂದು ಮೆತ್ತನೆ ಏಟು ಜಾರಿಬಿಡುತ್ತದೆ. ಅಷ್ಟು ಹೊತ್ತಿಗೆ ಕೈ ಸೋತಿರಬೇಕು. ಸಂಜೆ ಹೇಳಿದೆ, "ಮುಗಿಸೋದನ್ನ ನೀಟಾಗಿ ಮುಗಿಸು. ಕೊನೇ ಏಟು ಜಾರುತ್ತೆ ನಿಂಗೆ." ಅವಳು ನಕ್ಕಳು.

ಸೆಪ್ಟೆಂಬರ್ 4, ಗುರುವಾರ

ಇವರಿಗೆ ಸಮುದ್ರದ ಹುಚ್ಚು ಹಿಡಿದಿದೆ. "ಎಷ್ಟು ಜನಕ್ಕೆ ಸುಖವಾಗಿ ಹೋಗಿ ಬನ್ನಿ ಅಂದಿದ್ದೀನಿ. ಒಂದ್ಸಲ ನಂಗೂ ಯಾರಾದ್ರೂ ಅನ್ನಲಿ" ಎನ್ನುತ್ತಾರೆ. ಪಾಪ, ಕೇಳಿದ್ದು ದೊಡ್ಡದೇನಲ್ಲ. ಇವರ ಜೊತೆ ವ್ಯಾನು ಓಡಿಸುವ ಸ್ನೇಹಿತರೊಬ್ಬರು ತೀರದಲ್ಲಿ ಒಂದು ಚಿಕ್ಕ ವಸತಿಗೃಹದ ಗುರುತು ಹೇಳಿದ್ದಾರೆ.

ತೊಡಕು ಶಾಲೆಯದು. ವರ್ಷದ ಮೊದಲ ಸಭೆಯಲ್ಲೇ ದೊಡ್ಡ ಮೇಡಂ ಕಡ್ಡಿ ಮುರಿದಂತೆ ಹೇಳಿದ್ದರು: ಜ್ವರ ಬಂದರೆ ಮನೆಯಲ್ಲಿರಲಿ, ಪ್ರವಾಸ ಬಂದರೆ ಶಾಲೆಯಲ್ಲಿರಲಿ. ಪಾಠ ನಡೆಯುವಾಗ ಮಗುವನ್ನು ತಿರುಗಾಟಕ್ಕೆ ಕರೆದೊಯ್ದರೆ ಆ ಮಗುವಿಗೆ ಶಾಲೆಯಲ್ಲಿ ಯಾವ ಜವಾಬ್ದಾರಿಯೂ ಇಲ್ಲ. ಅಂದರೆ ಮೊಳೆಯ ಗಂಟೆ ಹೋಗುತ್ತದೆ.

ಇವರು ಗೇಟಿನ ಬಳಿ ಕ್ಲಾಸ್ ಟೀಚರನ್ನು ಕೇಳಿ ನೋಡಿದರಂತೆ, ಬೇರೆ ಯಾರದೋ ಕಥೆ ಎಂಬಂತೆ. ಟೀಚರು ಇವರ ಮುಖ ನೋಡಿ, "ಆ ಬೇರೆ ಯಾರಿಗೋ ಹೇಳಿ, ಆಗಲ್ಲ ಅಂತ" ಎಂದರಂತೆ.

ಸೆಪ್ಟೆಂಬರ್ 5, ಶುಕ್ರವಾರ

ಮೂವರೂ ಕೂತು ಮಾತಾಡಿದೆವು. ಮೊಳೆಗೆ ಸಮುದ್ರ ಬೇಕು, ಗಂಟೆಯೂ ಬೇಕು. "ಗಂಟೆ ಹೋಗುತ್ತೆ ಅಂದ್ರೆ ನಾನು ಬರಲ್ಲ, ನೀವಿಬ್ರೇ ಹೋಗ್ಬನ್ನಿ" ಎಂದಳು. ಹತ್ತು ವರ್ಷದ ಹುಡುಗಿ ನಮ್ಮಿಬ್ಬರಿಗೆ ರಜೆ ಮಂಜೂರು ಮಾಡುತ್ತಿದ್ದಾಳೆ.

ದಾರಿ ನಾನೇ ತೋರಿಸಿದೆ. ಜ್ವರ ಎಂದುಬಿಡುವುದು. ಜ್ವರ ಬಂದವರ ಗಂಟೆಯನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ಬರುವವರೆಗೆ ಬೇರೆ ಯಾರೋ ಹೊಡೆಯುತ್ತಾರೆ ಅಷ್ಟೆ. ಯಾರಿಗೂ ನಷ್ಟವಿಲ್ಲದ ಸುಳ್ಳು. ಮೊಳೆ, "ಯಾರಾದ್ರೂ ಕೇಳಿದ್ರೆ ನಾನೂ ಹೇಳ್ಬೇಕಾ?" ಎಂದಳು.

"ಕೇಳಿದ್ರೆ ಹೂಂ ಅನ್ನು ಸಾಕು. ಹೂಂ ಅನ್ನೋದೇನು ಸುಳ್ಳಲ್ಲ" ಎಂದೆ.

ಬಟ್ಟೆ ಎಲ್ಲ ಇಸ್ತ್ರಿ ಮಾಡಿ ಚೀಲಕ್ಕೆ ಹಾಕಿದ್ದೇನೆ. ಈಜಲು ಹಾಕುವ ಹಳೇ ಚಡ್ಡಿಗೂ ಇಸ್ತ್ರಿ ಯಾಕೆ ಎಂದು ಇವರು ನಗುತ್ತಿದ್ದಾರೆ. ಮುದುರಿದ್ದನ್ನು ನೋಡಿದರೆ ನನ್ನ ಕೈ ಸುಮ್ಮನಿರುವುದಿಲ್ಲ.

ಸೆಪ್ಟೆಂಬರ್ 8, ಸೋಮವಾರ

ನಿನ್ನೆ ಸಂಜೆ ಬಂದೆವು. ಸಮುದ್ರ ಇದೆ. ಬಹಳ ಇದೆ.

ಬೆಳಿಗ್ಗೆ ಎದ್ದ ಕೂಡಲೇ ಇವರು ತೀರದಲ್ಲಿ ನಿಂತು ಟೀಚರಿಗೆ ಫೋನು ಮಾಡಿದರು. "ಮಗಳಿಗೆ ಜ್ವರ ಮಿಸ್" ಎಂದು ಹೇಳಿ ಎರಡು ಸಲ ಕೆಮ್ಮಿದರು. ಜ್ವರ ಮಗಳಿಗೆ, ಕೆಮ್ಮು ಇವರಿಗೇಕೆ ಎಂದು ನಾನು ತಲೆ ಚಚ್ಚಿಕೊಂಡೆ. ಅಷ್ಟರಲ್ಲಿ ಒಂದು ದೊಡ್ಡ ಅಲೆ ಬಂತು. ಅದೇನು ಸದ್ದು ಎಂದು ಟೀಚರು ಕೇಳಿರಬೇಕು. "ಬಚ್ಚಲಲ್ಲಿ ನಲ್ಲಿ ಬಿಟ್ಟಿದ್ದೀವಿ ಮಿಸ್" ಎಂದರು. ಇನ್ನೊಂದು ಅಲೆ ಬಂತು. "ದೊಡ್ಡ ನಲ್ಲಿ" ಎಂದರು. ಮೊಳೆ ಮರಳಿನ ಮೇಲೆ ಬಿದ್ದು ನಗುತ್ತಿದ್ದಳು. ಆಮೇಲೆ ನಗು ನಿಲ್ಲಿಸಿ, "ಮಿಸ್ ಏನಂದ್ರು?" ಎಂದಳು. ಚೆನ್ನಾಗಿ ನೋಡಿಕೊಳ್ಳಿ, ಅವಸರ ಮಾಡಿ ಕಳಿಸಬೇಡಿ ಎಂದರಂತೆ. ಒಳ್ಳೆಯ ಹೆಂಗಸು.

ವಸತಿಗೃಹದ ಕೋಣೆ ಪರವಾಗಿಲ್ಲ. ಶೀಟು ಒಗೆದದ್ದೇ, ಆದರೆ ಹಾಸಿದ ರೀತಿ ನೋಡಿ ನನಗೆ ನಿದ್ದೆ ಬರಲಿಲ್ಲ. ಮೂಲೆಗಳನ್ನು ಸುಮ್ಮನೆ ಒಳಗೆ ತುರುಕಿದ್ದಾರೆ. ಎದ್ದು ನಮ್ಮ ಹೋಟೆಲಿನಂತೆ ಲಕೋಟೆ ಮಡಿಕೆ ಹಾಕಿ ಬಿಗಿ ಮಾಡಿದೆ, ಮೂಲೆ ಅಂಚೆ ಲಕೋಟೆಯ ಬಾಯಿಯಂತೆ ಕೂರಬೇಕು. ಟವೆಲುಗಳನ್ನು ಮೂರು ಪಟ್ಟು ಮಾಡಿ ಕಂಬಿಗೆ ಹಾಕಿದೆ. ಆಮೇಲೆ ನೆಮ್ಮದಿಯಾಯಿತು.

ಸೆಪ್ಟೆಂಬರ್ 9, ಮಂಗಳವಾರ

ನೀರಿಗೆ ಹೋಗಿ ಬಂದೆವು. ಎಲ್ಲೆಲ್ಲೂ ಮರಳು. ಶೀಟು ಕೊಡವಿ ಮತ್ತೆ ಹಾಸಿದೆ, ಬಚ್ಚಲು ಒರೆಸಿ ಒಣಗಿಸಿದೆ.

ಇವರದೂ ಇದೇ ಪಾಡು. ಹೊರಗೆ ಬಸ್ಸು ನಿಂತ ಸದ್ದು ಕೇಳಿದ್ದೇ ತಡ, ಹೋಗಿ ಯಾರದೋ ಪೆಟ್ಟಿಗೆ ಎತ್ತಿಕೊಂಡು ಬಂದರು. ಆ ಯಜಮಾನರು ಕಳ್ಳನೆಂದುಕೊಂಡು ಹಿಂದೆ ಓಡಿ ಬಂದರು.

ಮೊಳೆ ಗಡಿಯಾರ ನೋಡಿ, "ಈಗ ಊಟದ ಗಂಟೆ. ಯಾರು ಹೊಡೀತಿರ್ತಾರೋ" ಎಂದಳು.

ಸೆಪ್ಟೆಂಬರ್ 10, ಬುಧವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಬೆಳಿಗ್ಗೆ ಬೇಗ ಎದ್ದು ಕೋಣೆಯನ್ನು ಒಪ್ಪ ಮಾಡಿದೆ. ಮಂಚಕ್ಕೆ ಲಕೋಟೆ ಮಡಿಕೆ, ದಿಂಬಿಗೆ ಎರಡು ಗುದ್ದು, ಬಚ್ಚಲಲ್ಲಿ ಒಂದು ಹನಿ ನೀರಿಲ್ಲ. ಚೀಲಗಳು ಕಣ್ಣಿಗೆ ಬೀಳಬಾರದೆಂದು ಮಂಚದ ಕೆಳಗೆ ತಳ್ಳಿದೆ. ಹೊರಡುವಾಗ ಬೀಗದ ಕೈಯನ್ನು ಕೌಂಟರಿನ ಮೇಲಿಟ್ಟೆ. ನಮ್ಮ ಹೋಟೆಲಿನಲ್ಲಿ ಅತಿಥಿಗಳು ಹೊರಗೆ ಹೋಗುವಾಗ ಕೈ ಕೌಂಟರಿಗೆ ಕೊಟ್ಟು ಹೋಗುವುದು ಪದ್ಧತಿ. ಕೌಂಟರಿನಲ್ಲಿ ಯಾರೂ ಇರಲಿಲ್ಲ. ದಿನವಿಡೀ ತೀರದಲ್ಲಿದ್ದೆವು.

ಸಂಜೆ ಬಂದು ನೋಡಿದರೆ ನಮ್ಮ ಕೋಣೆಯ ಬಾಗಿಲು ತೆರೆದಿದೆ, ನಾನು ಬಿಗಿ ಮಾಡಿದ ಮಂಚದ ಮೇಲೆ ಯಾರದೋ ಮಗು ಕುಣಿಯುತ್ತಿದೆ. ಅದರ ಅಪ್ಪ ಬನಿಯನ್ನಿನಲ್ಲಿ ಎದ್ದು ಬಂದು "ಯಾರು ಬೇಕಿತ್ತು?" ಎಂದು ನಮ್ಮನ್ನೇ ಕೇಳಿದ. ಇವರು ಅಭ್ಯಾಸಬಲದಿಂದ "ಕ್ಷಮಿಸಿ ಸರ್" ಎಂದು ಬಾಗಿಲು ಎಳೆದುಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು.

ಕೌಂಟರಿಗೆ ಹೋಗಿ ಬಾಯಿಗೆ ಬಂದಂತೆ ಕೂಗಾಡಿದೆ. ಕೌಂಟರಿನ ಯಜಮಾನರು ಬೆಪ್ಪಾದರು. "ನೀವು ಕೈ ಇಟ್ಟು ಹೋದ್ರಲ್ಲಮ್ಮ! ನಮ್ಮಲ್ಲಿ ಕೋಣೆ ಬಿಡೋರು ಮಾತ್ರ ಕೈ ಇಟ್ಟು ಹೋಗೋದು. ಹೇಳದೆ ಹೋಗಿಬಿಟ್ರಲ್ಲ ಅಂದ್ಕೊಂಡೆ. ಆದ್ರೂ ನೋಡ್ಕೊಂಡು ಬಾ ಅಂತ ಇವಳನ್ನ ಕಳಿಸಿದ್ದೆ" ಎಂದು ಕೋಣೆ ಗುಡಿಸುವ ಹುಡುಗಿಯ ಮೇಲೆ ತಿರುಗಿದರು. "ಕಣ್ಣು ಎಲ್ಲಿಟ್ಟಿದ್ದೆ? ಮೂರು ಜನ ಇರೋ ಕೋಣೆ ಖಾಲಿ ಅಂತೀಯ? ನಾಳೆಯಿಂದ ಬರಬೇಡ ನೀನು!"

ಇಪ್ಪತ್ತರ ಹುಡುಗಿ. ಕೈಯಲ್ಲಿ ಇನ್ನೂ ಬಕೆಟ್ಟು ಹಿಡಿದಿತ್ತು. ಯಜಮಾನರನ್ನು ಬಿಟ್ಟು ನನ್ನ ಕಡೆ ತಿರುಗಿ ಹೇಳಿತು: "ಅಕ್ಕಾ, ಆ ಕೋಣೇಲಿ ಜನ ಇದ್ರು ಅಂತ ಹೇಗೆ ತಿಳ್ಕೊಳ್ಲಿ? ಬಚ್ಚಲು ಒಣಗಿತ್ತು. ಶೀಟು ಅಷ್ಟು ಬಿಗಿಯಾಗಿ ನಾನೇ ಯಾವತ್ತೂ ಹಾಸಿಲ್ಲ. ನಂಗಿಂತ ಮುಂಚೆ ಯಾರೋ ಬಂದು ಮುಗಿಸಿದ್ದಾರೆ ಅಂದ್ಕೊಂಡೆ."

ಈ ಕೆಲಸ ನನಗೆ ಗೊತ್ತಿಲ್ಲದ್ದೇ? ಜನ ಇರುವ ಕೋಣೆ ಒಳಗೆ ಕಾಲಿಟ್ಟಾಗಲೇ ಗೊತ್ತಾಗುತ್ತದೆ. ಮುದುರಿದ ಹೊದಿಕೆ, ಒದ್ದೆ ಟವೆಲು, ಕನ್ನಡಿಯ ಮೇಲೆ ಹಲ್ಲುಜ್ಜಿದ ಹನಿ. ಅದು ಯಾವುದೂ ಇಲ್ಲದಿದ್ದರೆ ನಾನೂ ಖಾಲಿ ಎಂದೇ ಹೇಳುತ್ತಿದ್ದೆ. ಇದ್ದವರ ಗುರುತೇ ಇಲ್ಲದ ಹಾಗೆ ಒರೆಸಿಟ್ಟು ಹೋದವಳು ನಾನು.

"ಅವಳನ್ನ ಬಯ್ಬೇಡಿ. ತಪ್ಪು ನಂದು" ಎಂದೆ.

ಯಜಮಾನರು, "ನಿಮ್ದು ಹೇಗಾಗುತ್ತಮ್ಮಾ" ಎಂದರು.

"ನಂದೇ. ನಾನೂ ಹೋಟೆಲಲ್ಲಿ ಇದೇ ಕೆಲಸ ಮಾಡೋದು. ಕೈ ಇಟ್ಟಿದ್ದೂ ನಾನು, ಕೋಣೆ ಖಾಲಿ ಕಾಣೋ ಹಾಗೆ ಮಾಡಿದ್ದೂ ನಾನು. ಅವಳು ನಾಳೆ ಬರಲಿ."

ಇವರು ನನ್ನನ್ನು ಮೊದಲ ಸಲ ನೋಡುವವರಂತೆ ನೋಡಿದರು. ನಾಲ್ಕು ಜನರ ಮುಂದೆ ತಪ್ಪು ನನ್ನದು ಎಂದು ನಾನು ಹೇಳಿದ್ದನ್ನು ಇವರು ಎಂದೂ ಕಂಡಿಲ್ಲ. ಮೊಳೆ ಮಾತ್ರ ಆ ಹುಡುಗಿಯನ್ನೇ ನೋಡುತ್ತಿದ್ದಳು. ಹುಡುಗಿ ಬಕೆಟ್ಟು ಕೆಳಗಿಟ್ಟು ಮುಖ ಒರೆಸಿಕೊಂಡಿತು.

ಬೇರೆ ಕೋಣೆ ಇರಲಿಲ್ಲ. ಕೊನೆಗೆ ಮಹಡಿಯ ಮೇಲೆ ನೀರಿನ ತೊಟ್ಟಿಯ ಪಕ್ಕದ ಸಾಮಾನು ಕೋಣೆ ತೆರೆದು ಮೂರು ಹಾಸಿಗೆ ಹಾಕಿಕೊಟ್ಟರು. ಆ ಬನಿಯನ್ನಿನವರ ಮಂಚದ ಕೆಳಗೆ ತೆವಳಿ ನಮ್ಮ ಚೀಲಗಳನ್ನು ಎಳೆದು ತಂದದ್ದು ಮೊಳೆ. ಅವರ ಮಗುವಿನ ಜೊತೆ ಆಗಲೇ ಸ್ನೇಹ ಮಾಡಿಕೊಂಡಿದ್ದಾಳೆ.

ಸೆಪ್ಟೆಂಬರ್ 11, ಗುರುವಾರ

ಇಲ್ಲಿ ಮಂಚವಿಲ್ಲ, ನೆಲದ ಮೇಲೇ ಎಲ್ಲ. ಕಿಟಕಿ ತುಂಬ ಸಮುದ್ರ. ಏಳುವಾಗ ಮೊಳೆಯ ಕಾಲು ನನ್ನ ಹೊಟ್ಟೆಯ ಮೇಲಿತ್ತು, ಇವರ ಕೈ ಅವಳ ತಲೆಯಡಿಯಿತ್ತು. ಹಾಗೇ ಬಿದ್ದುಕೊಂಡಿದ್ದೆವು. ಶೀಟು ಸರಿಮಾಡುವುದು ಮರೆತುಹೋಯಿತು.

ಸೆಪ್ಟೆಂಬರ್ 12, ಶುಕ್ರವಾರ

ತೀರದ ಅಂಗಡಿಯಲ್ಲಿ ಊಟಕ್ಕೆ ಕೂತಿದ್ದೆವು. ಮೊಳೆ ಗಡಿಯಾರ ನೋಡಿ, ಖಾಲಿ ತಟ್ಟೆಯನ್ನು ಎತ್ತಿ ಹಿಡಿದು ಚಮಚದಿಂದ ಊಟದ ಗಂಟೆ ಬಾರಿಸಿದಳು. ಅಂಗಡಿಯವರೆಲ್ಲ ತಿರುಗಿ ನೋಡಿದರು. ಬಾರಿಸಿ ಮುಗಿಸಿ, ಕೊಂಚ ತಡೆದು, ಒಂದು ಮೆತ್ತಗೆ.

"ಇಲ್ಲೂ ಜಾರ್ತಲ್ಲೇ" ಎಂದೆ.

"ಅದು ಜಾರೋದಲ್ಲಮ್ಮ. ಬೇಕೂಂತ್ಲೇ ಹೊಡೀತೀನಿ."

"ಯಾಕೆ?"

"ಬೇರೆ ಏಟೆಲ್ಲ ಶಾಲೆಗೆ. ಅದೊಂದು ನಿಂಗೆ. ಅಮ್ಮ ಊಟ ಮಾಡು ಅಂತ. ನೀನು ಕೆಲಸದಲ್ಲಿ ಮರೀತೀಯಲ್ಲ."

ಇವರು ನಗುತ್ತಾ, "ಅಪ್ಪಂಗೆ ಇಲ್ವಾ?" ಎಂದು ಕೇಳಿದರು. "ನೀನು ಗಂಟೆ ಇಲ್ದೇನೂ ಊಟ ಮಾಡ್ತೀಯ" ಎಂದಳು.

ನಾನು ನೀರು ಕುಡಿಯುವ ನೆಪದಲ್ಲಿ ಮುಖ ಆ ಕಡೆ ಮಾಡಿದೆ. ಅಳು ಬಂತು, ಬೇರೆ ಏನು ಹೇಳುವುದು. ಜೂನ್ ತಿಂಗಳಿಂದ ದಿನವೂ ನನ್ನನ್ನು ಊಟಕ್ಕೆ ಕರೆಯುತ್ತಿದ್ದಾಳೆ. ನಾನು ಇದೇ ಪುಸ್ತಕದಲ್ಲಿ ಅದನ್ನು ದೋಷ ಎಂದು ಬರೆದಿದ್ದೇನೆ. ಎಷ್ಟು ದಿನ ಆ ಏಟು ಕೇಳಿಯೂ ಉಣ್ಣದೆ ಇಸ್ತ್ರಿ ತಿಕ್ಕುತ್ತಾ ನಿಂತಿದ್ದೆನೋ.

ಸಂಜೆ ನೀರಿನಲ್ಲಿ ಮೂವರೂ ಕೈ ಹಿಡಿದು ನಿಂತೆವು. ನನಗೆ ಈಜು ಬರುವುದಿಲ್ಲ. ಮೊಳೆ ನನ್ನನ್ನು ಹಿಡಿದುಕೊಂಡಿದ್ದಳು. ನಡುವೆ ಕೇಳಿದಳು, "ಅಮ್ಮ, ಆ ಅಕ್ಕನ್ನ ಕೆಲಸದಿಂದ ತೆಗೀತಿದ್ರಾ?"

"ತೆಗೀತಿದ್ರೇನೋ."

"ನೀನು ಹೇಳ್ದೇ ಇದ್ದಿದ್ರೆ?"

"ಗೊತ್ತಿಲ್ಲ ಕಣೆ. ಅಲೆ ಬಂತು, ಗಟ್ಟಿಯಾಗಿ ಹಿಡ್ಕೊ" ಎಂದೆ.

ಸೆಪ್ಟೆಂಬರ್ 14, ಭಾನುವಾರ

ಮನೆಗೆ ಬಂದೆವು. ಬಸ್ಸಿಳಿಯುವಾಗ ಇವರ ಪೆಟ್ಟಿಗೆಯನ್ನು ಯಾರೋ ಎತ್ತಿಕೊಡಲು ಬಂದರು, ಇವರು ಸುಮ್ಮನೆ ಕೊಟ್ಟುಬಿಟ್ಟರು. ಚೀಲ ಬಿಚ್ಚಿದರೆ ಅರ್ಧ ತೀರ ನಮ್ಮ ಜೊತೆಗೇ ಬಂದಿದೆ.

ಒಂದು ಯೋಚನೆ ಮೊಳೆಯ ಮೂಗಿನದು. ಬಿಸಿಲಿಗೆ ಸುಲಿದು ಗುಲಾಬಿ ಬಣ್ಣಕ್ಕೆ ತಿರುಗಿದೆ. ಜ್ವರಕ್ಕೆ ಮೂಗು ಸುಲಿಯುತ್ತದೆಯೇ ಎಂದು ಇವರನ್ನು ಕೇಳಿದರೆ, "ಜೋರು ಜ್ವರ ಆದ್ರೆ ಸುಲಿಯುತ್ತೆ" ಎಂದರು. ಯಾರಾದರೂ ಕೇಳಿದರೆ ಮುಲಾಮು ಹೆಚ್ಚಾಯಿತು ಎನ್ನು ಎಂದು ಮೊಳೆಗೆ ಹೇಳಿದ್ದೇನೆ. ಅವಳು ಹೂಂ ಎನ್ನಲಿಲ್ಲ.

ಸೆಪ್ಟೆಂಬರ್ 15, ಸೋಮವಾರ

ಬೆಳಗಿನ ಗಂಟೆ ಅವಳದೇ. ಕಿಟಕಿ ಪೂರ್ತಿ ತೆಗೆದಿಟ್ಟಿದ್ದೆ, ಬಣ್ಣದ ವಾಸನೆಗೆ ಎಂದು ಬೇರೆಯವರಿಗೆ ಹೇಳಿದೆ. ಮಧ್ಯಾಹ್ನಕ್ಕೆ ಡಬ್ಬಿ ಬಿಚ್ಚಿಕೊಂಡು ಕೂತೆ. ಆ ಮೆತ್ತನೆ ಏಟು ಬಿದ್ದ ಕೂಡಲೇ ಮೊದಲ ತುತ್ತು ತಿನ್ನಬೇಕೆಂದು ಆಸೆ.

ಊಟದ ಗಂಟೆ ಹೊಡೆಯಿತು. ಅವಳ ಕೈ ಅಲ್ಲ. ಗಡಿಬಿಡಿಯ ಏಟು, ಒಂದರ ಮೇಲೊಂದು ಬಿದ್ದು ನಿಂತುಹೋಯಿತು. ಕಾದೆ. ಇನ್ನೇನೂ ಬರಲಿಲ್ಲ.

ಸಂಜೆ ಅವಳೇ ಹೇಳಿದಳು. ಅವಳ ಪಕ್ಕದಲ್ಲಿ ಒಬ್ಬಳು ಕನ್ನಡಕದ ಹುಡುಗಿ ಕೂರುತ್ತಾಳೆ, ವರ್ಷವಿಡೀ ನೆಗಡಿ. ಹೋದ ವಾರ ಟೀಚರು, ಅವಳಿಂದಲೇ ಮೊಳೆಗೆ ಜ್ವರ ಅಂಟಿತೆಂದು ಅವಳನ್ನು ಹಿಂದಿನ ಬೆಂಚಿನಲ್ಲಿ ಒಬ್ಬಳೇ ಕೂರಿಸಿದ್ದಾರೆ. ಇಡೀ ವಾರ ಯಾರೂ ಅವಳ ಹತ್ತಿರ ಸುಳಿದಿಲ್ಲ. ಇವತ್ತು ಮೊಳೆ ಹೋದಾಗ ಆ ಹುಡುಗಿ ಹಿಂದಿನಿಂದಲೇ, "ನನ್ನಿಂದ ನಿಂಗೆ ಜ್ವರ ಬಂತಂತೆ, ಬೇಜಾರು ಮಾಡ್ಕೋಬೇಡ" ಎಂದಳಂತೆ.

"ನಾನು ಎದ್ದು ನಿಂತು ಹೇಳ್ಬಿಟ್ಟೆ. ಅವಳದೇನೂ ತಪ್ಪಿಲ್ಲ ಮಿಸ್, ನಂಗೆ ಜ್ವರ ಬಂದಿರಲಿಲ್ಲ, ಸಮುದ್ರಕ್ಕೆ ಹೋಗಿದ್ದೆ, ತಪ್ಪು ನಂದು ಅಂತ."

ನನಗೆ ಮೊದಲು ಬಂದದ್ದು ಸಿಟ್ಟು. "ನಿನ್ನ ಗಂಟೆ ಉಳೀಲಿ ಅಂತ ತಾನೇ ಅಷ್ಟೆಲ್ಲ ನಾಟಕ ಆಡಿದ್ದು? ನೀನೇ ಹೋಗಿ ಒಪ್ಪಿಸಿ ಬಂದ್ಯಲ್ಲ!" ಎಂದು ಕೂಗಿದೆ. ಅವಳು ಅಳಲಿಲ್ಲ. "ಅವಳು ಒಬ್ಳೇ ಕೂತಿದ್ಲಮ್ಮ" ಎಂದಳು. ಆಮೇಲೆ ಅತ್ತಳು, ಗಂಟೆಗೆ.

ನಾಳೆ ದೊಡ್ಡ ಮೇಡಂ ಬರಹೇಳಿದ್ದಾರೆ.

ಸೆಪ್ಟೆಂಬರ್ 16, ಮಂಗಳವಾರ

ಇವರಿಗೆ ವ್ಯಾನಿನ ಕೆಲಸ, ಒಬ್ಬಳೇ ಹೋದೆ. ದಾರಿಯುದ್ದಕ್ಕೂ ಏನೇನು ಸಬೂಬು ಹೇಳಬೇಕೆಂದು ಹೊಂದಿಸಿಕೊಂಡಿದ್ದೆ. ಮೇಡಂ ಮೊದಲ ಮಾತಿಗೇ ಎಲ್ಲ ಮಣ್ಣುಪಾಲು ಮಾಡಿದರು.

"ಸಮುದ್ರ ಹೇಗಿತ್ತು?"

"ಚೆನ್ನಾಗಿತ್ತು ಮೇಡಂ."

"ಈ ತಿಂಗಳಲ್ಲಿ ಚೆನ್ನಾಗಿರಲೇಬೇಕು. ನಮ್ಮ ರಜೇಲಿ ಹೋದ್ರೆ ಮರಳಿಗಿಂತ ಜನ ಜಾಸ್ತಿ." ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೋದ ವಾರ ನಿಮ್ಮ ಮಗಳ ಕ್ಲಾಸಲ್ಲಿ ಭಿನ್ನರಾಶಿ ಶುರುವಾಯ್ತು. ಅವಳಿಗೆ ಇನ್ನೊಂದ್ಸಲ ಹೇಳ್ಕೊಡ್ಬೇಕು. ಅದಕ್ಕೆ ಮುಂಚೆ ಒಬ್ಬರು ಅಗ್ಗದ ಟಿಕೆಟ್ಟು ಅಂತ ಹೋದ್ರು, ಅವರ ಮಗನಿಗೆ ಒಂದ್ಸಲ. ಮುಂದೆ ಇನ್ಯಾರೋ. ಟೀಚರು ಒಂದೇ ಪಾಠ ಎಷ್ಟು ಸಲ ಮಾಡ್ಬೇಕು? ತಪ್ಪದೆ ಬಂದ ಮಕ್ಕಳು ಆಕಳಿಸ್ತಾ ಕೂತಿರ್ತಾರೆ."

ಅದು ನನಗೆ ಹೊಳೆದಿರಲಿಲ್ಲ. ಆದರೂ ಹೇಳಿದೆ, "ನಿಮ್ಮ ರಜೇಲಿ ಬಂದವರ ಶೀಟು ಒಗೆಯೋರು ನಾವು ಮೇಡಂ. ಆಗ ನಮಗೆ ಊಟಕ್ಕೂ ಬಿಡುವಿರಲ್ಲ. ಅವಳು ಹುಟ್ಟಿದ ಮೇಲೆ ಮೂವರೂ ಒಟ್ಟಿಗೆ ಹೋಗಿದ್ದು ಇದೇ ಮೊದಲು."

"ನನ್ನನ್ನ ಕೇಳಬಹುದಿತ್ತಲ್ಲ."

"ಕೇಳಿದ್ರೆ ಕೊಡ್ತಿದ್ರಾ?"

"ಇಲ್ಲ."

"ಆಮೇಲೆ ನಾನು ಸುಳ್ಳೇ ಹೇಳ್ತಿದ್ದೆ ಮೇಡಂ."

ಅವರು ನಗು ತಡೆದುಕೊಂಡದ್ದು ನನಗೆ ಕಾಣಿಸಿತು. "ಈಗ ಹೇಳಿದ್ದಂತೂ ನಿಜ" ಎಂದರು. ಕನ್ನಡಕದ ಹುಡುಗಿಯನ್ನು ಮತ್ತೆ ಮುಂದೆ ಕೂರಿಸಿದ್ದಾರಂತೆ, ಟೀಚರು ಅವಳ ಕ್ಷಮೆ ಕೇಳಿದರಂತೆ. ಗಂಟೆಯನ್ನೂ ಅವಳಿಗೇ ಕೊಟ್ಟಿದ್ದಾರಂತೆ. ನೆಗಡಿ ಇದ್ದರೂ ಒಂದು ದಿನವೂ ತಪ್ಪಿಸಿದವಳಲ್ಲವಂತೆ.

ಶಿಕ್ಷೆ ನನಗೆ ಕೊಡಿ, ಗಂಟೆ ನನ್ನ ಮಗಳಿಗೆ ವಾಪಸ್ ಕೊಡಿ ಎಂದು ಬೇಡಿಕೊಂಡೆ. ನಾನು ಬೇಡುವವಳಲ್ಲ. ಮೇಡಂ ಒಪ್ಪಲಿಲ್ಲ. "ವಾಪಸ್ ಕೊಟ್ರೆ ಮುಂದಿನ ವಾರ ಅರ್ಧ ಶಾಲೆ ಸಮುದ್ರದಲ್ಲಿರುತ್ತೆ. ನಿಮ್ಮ ಮಗಳು ಹೇಳಿದ್ದು ದೊಡ್ಡ ಮಾತು, ಅದನ್ನ ಎಲ್ಲರ ಮುಂದೆ ಹೇಳ್ತೀನಿ. ಗಂಟೆ ಮಾತ್ರ ಈ ವರ್ಷ ಇಲ್ಲ."

ಹೊರಡುವಾಗ ಅವರೇ ಮುಂದುವರಿಸಿದರು, "ಚೆನ್ನಾಗಿ ಹೊಡೀತಿದ್ಲು. ಊಟದ ಗಂಟೇಲಿ ಕೊನೇ ಏಟು ಮಾತ್ರ ಜಾರೋದು. ನಾನೂ ಎಷ್ಟೋ ಸಲ ತಿದ್ದಿದ್ದೆ. ಈ ಹುಡುಗಿದು ಜಾರಲ್ಲ, ಅಷ್ಟು ಲಾಭ."

ನಾನು ನಮಸ್ಕಾರ ಹೇಳಿ ಹೊರಗೆ ಬಂದೆ.

ಸೆಪ್ಟೆಂಬರ್ 19, ಶುಕ್ರವಾರ

ಜನ ಬರತೊಡಗಿದ್ದಾರೆ. ಕೋಣೆ ಖಾಲಿ ಎಂದು ಬರೆಯುವ ಮುಂಚೆ ಈಗ ಮಂಚದ ಕೆಳಗೆ ಬಗ್ಗಿ ನೋಡುತ್ತೇನೆ. ನನಗೆ ಬೆನ್ನು ನೋವಿರಬೇಕೆಂದು ಜೊತೆಯವಳಿಗೆ ಅನುಮಾನ.

ಊಟದ ಹೊತ್ತಿಗೆ ಕಿಟಕಿ ಮುಚ್ಚುತ್ತೇನೆ.

ಸೆಪ್ಟೆಂಬರ್ 25, ಗುರುವಾರ

ಮೊಳೆ ಭಿನ್ನರಾಶಿ ಕಲಿಯುತ್ತಿದ್ದಾಳೆ. ಹೇಳಿಕೊಡುವವಳು ಆ ಕನ್ನಡಕದ ಹುಡುಗಿ, ನಮ್ಮ ಮನೆಗೇ ಬರುತ್ತಾಳೆ, ಮೂಗು ಸೊರಗುಟ್ಟಿಸುತ್ತಾ. ಮೊಳೆ ಅವಳಿಗೆ ಗಂಟೆ ಹೊಡೆಯುವುದನ್ನು ಹೇಳಿಕೊಡುತ್ತಾಳೆ: ತೋಳಿನಿಂದ ಹೊಡೆಯಬೇಡ, ಮಣಿಕಟ್ಟಿನಿಂದ ಹೊಡಿ, ಒಂದು ಏಟಿನ ಸದ್ದು ಮುಗಿಯುವವರೆಗೆ ಕಾಯಿ. ಇಬ್ಬರೂ ಸೇರಿ ನನ್ನ ಪಾತ್ರೆಗಳ ಬುಡ ತಗ್ಗು ಮಾಡಿದ್ದಾರೆ. ಕೊನೆಯ ಮೆತ್ತನೆ ಏಟನ್ನು ಮಾತ್ರ ಅವಳಿಗೆ ಹೇಳಿಕೊಟ್ಟಿಲ್ಲ. ಕೇಳಿದೆ, ಯಾಕೆ ಎಂದು.

"ಅವಳ ಅಮ್ಮ ಮನೇಲೇ ಇರ್ತಾರಲ್ಲ" ಎಂದಳು.

ಹಾಸಿಗೆಗಳು ಸಂಜೆಯವರೆಗೂ ಹಾಗೇ ಬಿದ್ದಿದ್ದವು. ಮಕ್ಕಳು ಅದರ ಮೇಲೇ ಕೂತು ಬರೆಯುತ್ತಿದ್ದರು, ಎಬ್ಬಿಸಲು ಮನಸ್ಸಾಗಲಿಲ್ಲ.

ಅಕ್ಟೋಬರ್ 6, ಸೋಮವಾರ

ಕನ್ನಡಕದ ಹುಡುಗಿಗೆ ಜ್ವರ. ಈ ಸಲ ನಿಜವಾದ ಜ್ವರ, ದೊಡ್ಡ ನಲ್ಲಿ ಇಲ್ಲದ್ದು. ನನಗೆ ಅದು ಸಂಜೆ ಗೊತ್ತಾಯಿತು.

ಇವತ್ತು ಹೋಟೆಲಿನಲ್ಲಿ ಬಟ್ಟೆ ಬಹಳ. ಕಿಟಕಿ ಮುಚ್ಚುವುದು ಮರೆತು ದಿಂಬಿನ ಕವರುಗಳಿಗೆ ಇಸ್ತ್ರಿ ಹಾಕುತ್ತಿದ್ದೆ. ಊಟದ ಗಂಟೆ ಶುರುವಾಯಿತು. ಮೊದಲ ಏಟಿಗೇ ನನ್ನ ಕೈ ನಿಂತಿತು. ಒಂದೇ ಸಮ, ಒಂದರ ಸದ್ದು ಮುಗಿದ ಮೇಲೆ ಇನ್ನೊಂದು. ಹಾಗೆ ಹೊಡೆಯುವವಳು ಒಬ್ಬಳೇ. ಗಂಟೆ ಮುಗಿಯಿತು. ಹೊಡೆಯಲಾರಳು ಎಂದುಕೊಂಡೆ. ಹೇಗೋ ಒಂದು ದಿನದ ಮಟ್ಟಿಗೆ ಸಿಕ್ಕ ಗಂಟೆಯಿರಬೇಕು, ಮೇಡಂ ಎದುರಿಗೇ ನಿಂತಿರುತ್ತಾರೆ, ಸರಿಯಾಗಿ ಹೊಡೆದು ಒಳ್ಳೆಯವಳೆನ್ನಿಸಿಕೊಳ್ಳಲಿ. ಕಿವಿ ಮಾತ್ರ ಕಾಯುತ್ತಲೇ ಇತ್ತು.

ಆಮೇಲೆ ಆ ಏಟು ಬಂತು, ಮೆತ್ತಗೆ.

ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಮ್ಯಾನೇಜರು ಮೂಗು ಮುಚ್ಚಿಕೊಂಡು ಒಳಗೆ ಬಂದಾಗ ಕೆಳಗೆ ನೋಡಿದೆ. ಕವರಿನ ಮೇಲೆ ಪೆಟ್ಟಿಗೆಯ ಅಚ್ಚು ಕಂದಾಗಿ ಮೂಡಿತ್ತು.

"ಮತ್ತೆ ಪೆಟ್ಟಿಗೆ ತಲೆ ಕೆಟ್ಟಿತಾ?" ಎಂದರು.

"ಇಲ್ಲ ಸರ್, ಪೆಟ್ಟಿಗೆ ಸರಿಯಾಗಿದೆ. ಅವತ್ತೂ ಸರಿಯಾಗೇ ಇತ್ತು. ಮಗಳು ಗಂಟೆ ಹೊಡೀತಿದ್ಲು, ಕೇಳ್ತಾ ನಿಂತುಬಿಟ್ಟೆ."

"ಕವರು ನಿಮ್ಮ ಲೆಕ್ಕಕ್ಕೆ" ಎಂದರು. ಆಗಲಿ ಸರ್ ಎಂದೆ. "ಇನ್ನೂ ಯಾಕೆ ನಿಂತಿದ್ದೀರಿ?" ಎಂದರು.

"ಊಟಕ್ಕೆ ಹೋಗ್ಬೇಕು ಸರ್" ಎಂದು ಡಬ್ಬಿ ತೆಗೆದುಕೊಂಡು ಹೊರಟೆ.

ಸಂಜೆ ಮೊಳೆ ಓಡಿ ಬಂದಳು. ಚೀಲ ಇಳಿಸುವ ಮೊದಲೇ, ಏದುಸಿರು ಬಿಡುತ್ತಾ, "ಅಮ್ಮ, ಕೇಳಿಸ್ತಾ?" ಎಂದಳು.

ನಾನು ಸುಟ್ಟ ಕವರನ್ನು ಬಿಡಿಸಿ ತೋರಿಸಿದೆ. ಅವಳು ಆ ಕಂದು ಅಚ್ಚನ್ನು ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ಅಚ್ಚನ್ನು ನೋಡಿ ಬೆರಳಿನಿಂದ ಮುಟ್ಟಿದಳು.

"ಅಬ್ಬ," ಎಂದಳು, "ಇಷ್ಟು ಜೋರಾಗಿ ಕೇಳಿಸ್ತಾ!"